ಚಿಪ್ಪೊಳಗೆ ಚೆಲ್ಲಾಪಿಲ್ಲಿಯಾದ ಭೀಮನಬೀಡಿನ ಮದ್ವೆ

ನಂಗೀಗ ಮೂವತ್ತೆರಡು. ರಿಟೈರ್ಡು. ನಗ್ಬೇಡಿ. ಹನ್ನೆರಡು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಗ್ಗಿ ಕೂತ್ರೆ ಕತ್ತು ನೋವೇ ರಿಟೈರ್ಡ್ ಮಾಡಿಸ್ತದೆ. ಈಗ ಗುಂಡ್ಲುಪೇಟೆ ಕಡೆ ಅರಿಶಿನ ಬೇಯಿಸೋ ಮಿಷನ್ ಓಡಿಸ್ತೀನಿ. ಅದು ದೊಡ್ದು, ಕನ್ನಡಕ ಇಲ್ದೇನೂ ಕಾಣ್ತದೆ.

ಚಾಮರಾಜನಗರ ಬಸ್ ಸ್ಟ್ಯಾಂಡ್ ಹತ್ರ ಗುರುಸ್ವಾಮಣ್ಣನ ರಿಪೇರಿ ಅಂಗ್ಡೀಲಿ ಇದ್ದೆ. ಸತ್ತ ಪೆನ್ ಡ್ರೈವು, ಸತ್ತ ಮೆಮೊರಿ ಕಾರ್ಡು, ಅದ್ರೊಳಗಿರೋದನ್ನ ಎತ್ಕೊಡೋ ಕೆಲ್ಸ. ಈಗ್ಲೂ ಹೈಕ್ಳು ಫೋನ್ ಮಾಡಿ ‘ಅಣ್ಣ, ಹೆಂಗಣ್ಣ ಕಲಿಯದು’ ಅಂತಾರೆ. ಒಬ್ಬೊಬ್ರಿಗೂ ಹೇಳಿ ಬಾಯಿ ನೋಯ್ತದೆ. ಅದಕ್ಕೇ ಬರ್ದಾಕ್ತಾ ಇದೀನಿ. ನಾನು ಏಳ್ನೇ ಕ್ಲಾಸ್ ಫೇಲು. ತಪ್ಪಿದ್ರೆ ನೀವೇ ತಿದ್ಕಳಿ.

ಮೊದ್ಲು ನನ್ನ ಮೊದಲ್ನೇ ವಾರದ ಘನಂದಾರಿ ಕೆಲ್ಸ ಹೇಳ್ಬುಡ್ತೀನಿ. ಬ್ಲೋವರ್ ಅಂತ ಬಿಸಿಗಾಳಿ ಬುಡೋ ಗನ್ ಇರ್ತದೆ. ಅದ್ರಲ್ಲಿ ಕಾಯಿಸಿ ಪೆನ್ ಡ್ರೈವಿಂದ ಒಂದು ಮೆಮೊರಿ ಚಿಪ್ಪು ಕಿತ್ತೆ. ಉಗುರಿನಷ್ಟು ಅದು. ಬೇಗ ಆರ್ಲಿ ಅಂತ ಮೇಜಿನ ಮೇಲಿಟ್ಟು ಫ್ಯಾನ್ ಹಾಕ್ದೆ. ಚಿಪ್ಪು ಹಾರೋಯ್ತು. ನಾನೂ ಗುರುಸ್ವಾಮಣ್ಣನೂ ನೆಲದ ಮೇಲೆ ಮಂಡಿ ಊರ್ಕಂಡು ಮಧ್ಯಾಹ್ನದವರ್ಗೂ ಹುಡುಕ್ದೋ. ಸಿಗ್ಲಿಲ್ಲ. ಅಣ್ಣಂಗೆ ಬೇಜಾರಾಗಿ ಖಾರಾಪುರಿ ಪೊಟ್ಣ ಎತ್ಕಂಡ್ರು. ಎರಡ್ನೇ ತುತ್ತಿಗೆ ‘ಕಟಕ್’ ಅಂತು.

“ಏನ್ಲಾ ಇದು ಕಡ್ಲೆಬೀಜ ಇಷ್ಟು ಗಟ್ಟಿ?” ಅಂದ್ರು.

ಬಾಯಿಂದ ತೆಗೆದ್ರೆ ಚಿಪ್ಪು. ಒರೆಸಿ ಓದೋ ಮಿಷನ್ನಿಗೆ ಹಾಕ್ದೋ, ಓದ್ತು! ಆ ಗಿರಾಕಿ ಇವತ್ತಿಗೂ ಸಿಕ್ದಾಗೆಲ್ಲ ಕೈ ಮುಗೀತಾನೆ. ಅವನಿಗೆ ಹೇಳಿಲ್ಲ. ನೀವೂ ಹೇಳ್ಬೇಡಿ.

ಆದ್ರೆ ನಾನು ಹೇಳ್ಬೇಕಾಗಿರೋದು ಭೀಮನಬೀಡಿನ ಮದ್ವೆ ವಿಚಾರ. ಈ ಕೆಲ್ಸ ಏನು ಅಂತ ನಂಗೆ ತಲೆಗೆ ಹೋಗಿದ್ದೇ ಅಲ್ಲಿಂದ.

ಆಯುಧ ಪೂಜೆ ಆಗಿ ಎರಡು ದಿನ. ಕುಮಾರ ಅಂತ ಒಬ್ಬ ಫೋಟೋದವ್ನು ಅಂಗಡಿಗೆ ಓಡ್ಬಂದ. ಬೆವ್ತು ನೀರಾಗಿದ್ದ. ಕೈಲೊಂದು ಕರ್ಕಲಾದ ಪೆನ್ ಡ್ರೈವು.

“ಅಣ್ಣ, ಇದ್ರಲ್ಲಿ ಒಂದು ಇಡೀ ಮದ್ವೆ ಅದೆ. ಎತ್ಕೊಡು. ಇಲ್ಲಾಂದ್ರೆ ಎರಡೂರವ್ರೂ ಸೇರಿ ನನ್ನ ಎತ್ತಾಕ್ತಾರೆ.”

“ಕ್ಯಾಮರಾ ಕಾರ್ಡ್ನಲ್ಲಿ ಇಲ್ವಾ?”

“ಅದನ್ನ ಒರ್ಸಿ ಮುಂದಿನ್ ಮದ್ವೆ ತೆಗೆದ್ಬುಟ್ಟೆ. ಎಲ್ಲಾ ಇದಕ್ಕೇ ಹಾಕಿ ಹೆಣ್ಣಿನಪ್ಪನ ಕೈಗೆ ಕೊಟ್ಟಿದ್ದೆ. ಅವ್ರು ಟ್ರ್ಯಾಕ್ಟರ್ ಟೇಪಿಗೆ ಚುಚ್ಚವ್ರೆ.”

“ಯಾಕೆ?”

“ಮದ್ವೆ ವಾಲಗ ಕೇಳ್ಕಂಡು ಉಳಕ್ಕೆ ಅಂತೆ! ಬರೀ ಫೋಟೋ ಕಣಣ್ಣ, ವಾಲಗ ಎಲ್ಲಿಂದ ಬರ್ಬೇಕು!”

ಟ್ರ್ಯಾಕ್ಟರ್ ಸ್ಟಾರ್ಟ್ ಮಾಡ್ದಾಗ ಕರೆಂಟು ಎಗರಿ ಪೆನ್ ಡ್ರೈವ್ ಹೊಗೆ ಹಾಕ್ಕಂಡಿದೆ. ಅದು ಸರಿ, ಎರಡೂರವ್ರು ಯಾಕೆ ಹೊಡೀತಾರೆ ಅಂದೆ. ಆಗ ಹೇಳ್ದ.

ಹೆಣ್ಣು ಭೀಮನಬೀಡಿನ ಸೌಮ್ಯ. ಗಂಡು ಹರದನಹಳ್ಳಿ ಮಾದೇಶ. ನಮ್ ಕಡೆ ಮದ್ವೇಲಿ ತಾಳಿ ಕಟ್ಟೋಕ್ ಮುಂಚೆ ಹೆಣ್ಣಿನಪ್ಪ ತಟ್ಟೇಲಿ ಎಲೆ ಅಡಿಕೆ ಜೋಡಿಸ್ಕಂಡು ದೊಡ್ಡೋರಿಗೆ ವೀಳ್ಯ ಕೊಡ್ತಾನೆ. ಮೊದಲ್ನೇ ವೀಳ್ಯ ಗಂಡಿನ ಸೋದರಮಾವಂಗೆ ಹೋಗ್ಬೇಕು. ಅದು ಮರ್ಯಾದೆ. ಮಾದೇಶನ ಸೋದರಮಾವ ಪುಟ್ಟಮಾದಯ್ಯ ಮದ್ವೆ ಆದ್ಮೇಲೆ ತಗಾದೆ ತೆಗೆದವ್ರೆ, “ನಂಗೆ ಮೊದಲ್ನೇದು ಕೊಡ್ಲಿಲ್ಲ, ನಾನು ಹೋಗೋ ಅಷ್ಟೊತ್ಗೆ ತಟ್ಟೇಲಿ ಒಂದು ಕಮ್ಮಿ ಇತ್ತು, ಅವ್ರ ಕಡೆ ನಿಂಗಣ್ಣಂಗೆ ಮೊದ್ಲು ಕೊಟ್ಟಿರ್ಬೇಕು” ಅಂತ. ನಿಂಗಣ್ಣ ಅಂದ್ರೆ ಹೆಣ್ಣಿನ ಸೋದರಮಾವ. ಹೆಣ್ಣಿನಪ್ಪ ನಂಜಪ್ಪ, “ದೇವ್ರಾಣೆ ಇಲ್ಲ” ಅಂತಾರೆ. ಇವ್ರು ತಪ್ಪಾಯ್ತು ಅನ್ನಲ್ಲ, ಅವ್ರು ಬುಡಲ್ಲ. ತವರಿಗೆ ಬಂದ ಸೌಮ್ಯನ್ನ ಕರ್ಕಂಡೋಗಕ್ಕೆ ಗಂಡಿನ ಕಡೆಯಿಂದ ಯಾರೂ ಬಂದಿಲ್ಲ. ಒಂದೂವರೆ ತಿಂಗ್ಳಾಯ್ತು. ಫೋಟೋದಲ್ಲಿ ಯಾರಿಗೆ ಮೊದ್ಲು ಅಂತ ಇರ್ತದಲ್ಲ, ನೋಡ್ಬುಡಾನ ಅಂತ ಇಬ್ರೂ ಒಪ್ಪವ್ರೆ. ಒಪ್ಪಿದ ದಿನಾನೇ ಟ್ರ್ಯಾಕ್ಟರು ಅದನ್ನ ಸುಟ್ಟಾಕ್ತು.

ಸರಿ, ಚಿಪ್ಪು ಕಿತ್ತೆ. ಈ ಸಲ ಫ್ಯಾನ್ ಹಾಕ್ಲಿಲ್ಲ.

ಚಿಪ್ಪು ಓದೋ ಮಿಷನ್ನಿಗೆ ಒಂದು ಸಾಕೆಟ್ಟು ಇರ್ತದೆ. ಚಿಪ್ಪಿನ ಒಂದು ಮೂಲೇಲಿ ಸಣ್ಣ ಚುಕ್ಕಿ. ಸಾಕೆಟ್ಟಲ್ಲೂ ಒಂದು ಗುರ್ತು. ಎರಡೂ ಒಂದೇ ಕಡೆ ಬರ್ಬೇಕು. ನೋಡ್ದೆ, ಸಾಕೆಟ್ಟಿನ ಮೂಲೇಲಿ ಕೆಂಪು ಚುಕ್ಕಿ. ಓಹೋ, ಅಣ್ಣ ನಂಗೆ ಅನ್ಕೂಲ ಆಗ್ಲಿ ಅಂತ ಗುರ್ತು ಮಾಡವ್ರೆ ಅಂತ ಖುಷಿಯಾಗಿ ಚಿಪ್ಪಿನ ಚುಕ್ಕೀನ ಆ ಕೆಂಪು ಚುಕ್ಕಿ ಕಡೆಗೆ ಇಟ್ಟು ಅದುಮ್ದೆ. ಆನ್ ಮಾಡ್ದೆ. ಮಿಷನ್ನು ‘ಕೀಂ’ ಅಂತು. ಚಿಪ್ಪು ಮುಟ್ಟಿದ್ರೆ ದೋಸೆ ಹಂಚು.

ಗುರುಸ್ವಾಮಣ್ಣ ಓಡ್ಬಂದು ನೋಡಿ ತಲೆ ಚಚ್ಕಂಡ್ರು.

“ಲೋ ಬಡ್ಡೆತ್ತದೇ, ಉಲ್ಟಾ ಹಾಕಿದ್ಯಲ್ಲೋ!”

“ನೀವೇ ಅಲ್ವಾ ಅಣ್ಣ ಗುರ್ತು ಮಾಡಿದ್ದು, ಕೆಂಪಗೆ?”

“ಅದು ಮೊನ್ನೆ ಆಯುಧ ಪೂಜೆಗೆ ಇಟ್ಟ ಕುಂಕುಮ ಕಣ್ಲಾ! ದೇವ್ರಿಗಿಟ್ಟಿದ್ದು! ಫ್ಯಾನಿಗೂ ಇಟ್ಟಿದ್ದೀನಿ, ನಿನ್ನ ಸ್ಟೂಲ್ಗೂ ಇಟ್ಟಿದ್ದೀನಿ, ಅದನ್ನೂ ಉಲ್ಟಾ ಹಾಕ್ಕಂಡು ಕೂತ್ಕೋ!”

ಪುಣ್ಯಕ್ಕೆ ಮಿಷನ್ನು ತಾನೇ ಕರೆಂಟು ಕಟ್ ಮಾಡ್ಕಂಡಿತ್ತು. ಚಿಪ್ಪು ಆರಿದ್ಮೇಲೆ ನೆಟ್ಟಗೆ ಹಾಕ್ದೋ. ಓದ್ತು. ನಾನು ಅಲ್ಲೇ ಕುಣಿದ್ಬುಟ್ಟೆ. ಅಣ್ಣ ಮಾತ್ರ ಗುರ್ರ್ ಅಂತ ಇದ್ರು. ಅವತ್ತು ಸಾಯಂಕಾಲ ಪುಣಜನೂರಲ್ಲಿರೋ ತಂಗಿ ಮನೆಗೆ ಹೊರಟ್ರು. ಹೊರಡೋವಾಗ ಬೆರಳು ತೋರ್ಸಿ ಹೇಳಿದ್ದು ಒಂದೇ ಮಾತು:

“ನಾನು ಬರೋವರ್ಗೂ ಮುಟ್ಬೇಡ. ಓದಿದ್ದು ಬರೀ ಕಸ. ಅದನ್ನ ಜೋಡಿಸ್ಬೇಕು.”

ಈ ಜೋಡಿಸೋದು ಅಂದ್ರೇನು ಅಂತ ಹೇಳ್ತೀನಿ, ಕೇಳಿ. ಇದು ಗೊತ್ತಿಲ್ದಿದ್ರೆ ಈ ಕೆಲ್ಸಕ್ಕೆ ಬರ್ಲೇಬೇಡಿ.

ಪೆನ್ ಡ್ರೈವೊಳಗೆ ಎರಡು ಸಾಮಾನು. ಒಂದು ಚಿಪ್ಪು, ಫೋಟೋ ಎಲ್ಲ ಇರೋದು. ಇನ್ನೊಂದು ಕಂಟ್ರೋಲರ್ರು. ಚಿಪ್ಪಲ್ಲಿ ಸಾವಿರಾರು ಕೋಣೆ. ಒಂದೇ ಕೋಣೇಲಿ ಬರ್ದು ಅಳ್ಸಿ ಬರ್ದು ಅಳ್ಸಿ ಮಾಡಿದ್ರೆ ಅದು ಸವೆದೋಗ್ತದೆ. ಒಂದೇ ಬಯಲಲ್ಲಿ ದಿನಾ ದನ ಮೇಯಿಸಿದ್ರೆ ಹುಲ್ಲು ಸಾಯಲ್ವಾ, ಹಂಗೆ. ಅದಕ್ಕೇ ಕಂಟ್ರೋಲರ್ರು ಇವತ್ತು ಇಲ್ಲಿ, ನಾಳೆ ಅಲ್ಲಿ ಅಂತ ಎಲ್ಲಾನೂ ಹರಡಿ ಇಡ್ತದೆ. ಸಾಲ್ದು ಅಂತ, ಬರೆಯೋವಾಗ ತಿರುಚಿ ಬೇರೆ ಬರೀತದೆ. ಓದೋವಾಗ ಬಿಚ್ಚಿ, ಸಾಲಾಗಿ ಜೋಡ್ಸಿ ಕೊಡ್ತದೆ. ಇದೆಲ್ಲ ಮಾಡೋದು ಅದ್ರೊಳಗಿರೋ ಲಾಜಿಕ್ ಸರ್ಕ್ಯೂಟು. ದೊಡ್ಡ ಹೆಸ್ರು ಅಷ್ಟೇ. ಹೂಂ, ಊಹೂಂ, ಇವೆರಡೇ ಮಾತು ಬರೋ ಸಣ್ಣ ಸಣ್ಣ ಗೇಟುಗಳು. ಲಕ್ಷಾಂತರ ಗೇಟು ಒಟ್ಟಿಗೆ ಹೂಂ ಊಹೂಂ ಅಂದ್ರೆ ಈ ಕೋಣೇದು ಆ ಕೋಣೆಗೆ ಹೋಗ್ತದೆ.

ಟ್ರ್ಯಾಕ್ಟರ್ ಸುಟ್ಟಿದ್ದು ಆ ಕಂಟ್ರೋಲರ್ನ. ಚಿಪ್ಪು ಚೆನ್ನಾಗದೆ, ಆದ್ರೆ ಯಾವ ಕೋಣೇಲಿ ಏನು ಅಂತ ಹೇಳೋರು ಇಲ್ಲ. ಅದಕ್ಕೇ ನಾವು ಕಂಪ್ಯೂಟರ್ ಪರದೆ ಮೇಲೆ ಡಬ್ಬ ಡಬ್ಬ ಇಟ್ಟು, ಗೆರೆ ಎಳೆದು, ಸುಟ್ಟೋಗಿದ್ದ ಸರ್ಕ್ಯೂಟು ಏನು ಮಾಡ್ತಿತ್ತೋ ಅದನ್ನೇ ಮಾಡ್ಬೇಕು. ಮೊದಲ್ನೇ ಡಬ್ಬ, ತಿರುಚಿರೋದನ್ನ ಬಿಚ್ಚೋದು. ಎರಡ್ನೇದು, ಅರ್ಧ ಅರ್ಧ ಆಗಿರೋದನ್ನ ಅಂಟಿಸೋದು. ಮೂರ್ನೇದು, ಎಲ್ಲಾನೂ ಸಾಲಿಗೆ ತರೋದು.

ಅಣ್ಣ ಹೋದ ಮಾರ್ನೇ ದಿನ ಅಂಗಡಿಗೆ ಒಂದು ಹೆಣ್ಮಗು ಬಂತು. ಬ್ಯಾಗು ಟಪ್ ಅಂತ ಮೇಜಿನ ಮೇಲಿಟ್ಟು, “ಅಣ್ಣ, ನಾನೇ ಆ ಮದ್ವೆ” ಅಂತು.

“ಯಾವ್ ಮದ್ವೆಮ್ಮ?”

“ನೀನು ಬಿಸಿ ಮಾಡ್ದಲ್ಲ, ಅದು. ಕುಮಾರಣ್ಣ ಎಲ್ಲಾ ಏಳ್ದ.” ಸೌಮ್ಯ ಅದು. ಗುಂಡ್ಲುಪೇಟೆಗೆ ಬಂದು ಅಲ್ಲಿಂದ ಬಸ್ ಹತ್ತಿ ಒಬ್ಳೇ ಬಂದವ್ಳೆ. “ನೋಡು, ನಮ್ಮಪ್ಪಂಗೂ ಆ ಮಾವಂಗೂ ಒಂದು ಎಲೆ ಬೇಕು. ನಂಗೆ ನಮ್ಮನೆ ಬೇಕು. ಬೇಗ ತೆಗ್ದುಕೊಡು. ಇಲ್ಲಾಂದ್ರೆ ಅಪ್ಪನ್ ಮನೇಲೇ ತಲೆ ಬೆಳ್ಳಗಾಯ್ತದೆ.”

ಅಷ್ಟರಲ್ಲಿ ಅವಳ ಫೋನು ಹೊಡ್ಕತು. ಮಾದೇಶ. “ಬಂದ್ವಾ ಫೋಟೋ? ಬಂದ್ವಾ?” ಅಂತ ನಂಗೂ ಕೇಳೋ ಹಂಗೆ ಕಿರುಚ್ತಾ ಇದ್ದ.

ನಂಗೆ ಪಾಪ ಅನ್ನಿಸ್ತು. ಸುಳ್ಳು ಯಾಕೆ, ಜಂಬಾನೂ ಬಂತು. ಅಣ್ಣ ಬೇಕಾ ಇದಕ್ಕೆ? ಎರಡು ಡಬ್ಬ ಇಟ್ಟೆ, ಗೆರೆ ಎಳೆದೆ, ಒತ್ತಿದೆ. ಫೋಟೋ ಬಂದೇ ಬುಡ್ತು! ಒಂದಲ್ಲ, ನೂರಾರು! ಕೆಲವು ತಮಾಷೆಯಾಗಿದ್ವು. ಮೇಲರ್ಧ ಪುರೋಹಿತ್ರು, ಕೆಳಗರ್ಧ ಸಾರಿನ ಬಕೆಟ್ಟು. ಮದುವಣಗಿತ್ತಿ ತಲೆ, ಅಡುಗೆಯವನ ಹೊಟ್ಟೆ. ಸೌಮ್ಯ ನಕ್ಕೂ ನಕ್ಕೂ ಸ್ಟೂಲಿಂದ ಜಾರಿದ್ಲು. ಆದ್ರೆ ಮುಕ್ಕಾಲು ಫೋಟೋ ಪೂರ್ತಿ ಇದ್ವು. ಅವನ್ನ ಆರಿಸಿ, ಚಿಪ್ಪು ಕೊಟ್ಟ ಹಂಗೇ ಒಂದು, ಎರಡು, ಮೂರು ಅಂತ ನಂಬರ್ ಹಾಕ್ದೆ.

ಮೂರ್ನೇ ಡಬ್ಬ ಇಡ್ಲಿಲ್ಲ. ಫೋಟೋ ಬಂದ್ವಲ್ಲ, ಇನ್ನೇನು ಸಾಲಿಗೆ ತರೋದು ಅಂತ ಬುಟ್ಬುಟ್ಟೆ. ಫೋನ್ ಮಾಡ್ಬುಟ್ಟೆ ಎರಡು ಕಡೆಗೂ, ಬನ್ನಿ ಅಂತ.

ಮಾರ್ನೇ ದಿನ ಹತ್ತು ಗಂಟೆಗೆ ಅಂಗಡಿ ತುಂಬೋಯ್ತು. ಈ ಕಡೆ ನಂಜಪ್ಪ, ಸೌಮ್ಯ. ಆ ಕಡೆ ಪುಟ್ಟಮಾದಯ್ಯ, ಇಸ್ತ್ರಿ ಮಾಡಿದ ಬಿಳೀ ಅಂಗಿ, ಹೆಗಲ ಮೇಲೆ ಟವೆಲ್ಲು, ಕೋರ್ಟಿಗೆ ಬಂದ ಹಂಗೆ. ಕುಮಾರ ಬಾಗ್ಲಲ್ಲಿ ನಿಂತಿದ್ದ, ಓಡಕ್ಕೆ ಅನ್ಕೂಲ ಆಗ್ಲಿ ಅಂತ. ಮಾದೇಶ ಬೈಕ್ ನಿಲ್ಸಿ ಎದುರಿನ ಟೀ ಅಂಗ್ಡೀಲಿ ಕೂತಿದ್ದ. ಮಾವ ಒಳಗೆ ಬರ್ಬೇಡ ಅಂದಿದ್ರಂತೆ.

ನಾನು ದೊಡ್ಡ ಮನ್ಸನ ಥರ ಫೋಟೋ ಸರ್ಸಿಕೊಂಡು ಹೋದೆ. ನೂರ ಹದಿನೆಂಟು. ನಂಜಪ್ಪ ವೀಳ್ಯ ಕೊಡ್ತಾವ್ರೆ. ತಗೋತಾ ಇರೋದು ನಿಂಗಣ್ಣ.

“ನೋಡ್ದಾ!” ಪುಟ್ಟಮಾದಯ್ಯ ಎಗರಿ ನಿಂತ್ಕಂಡ್ರು. “ನಾನೇನು ಏಳ್ದೆ? ಮೊದ್ಲು ಅವ್ನಿಗೆ!”

ಸರ್ಸಿದೆ. ನೂರ ಮೂವತ್ತೊಂದು. ಈಗ ಪುಟ್ಟಮಾದಯ್ಯ ತಗೋತಾವ್ರೆ.

“ಹದಿಮೂರು ಫೋಟೋ ಆದ್ಮೇಲೆ ನಾನು! ನಾನೇನು ನಿಮ್ ಜಮೀನ್ ಕಾಯೋನಾ?”

ನಂಜಪ್ಪನ ಮುಖ ನೋಡಕ್ಕಾಗ್ಲಿಲ್ಲ. “ಇಲ್ಲ ಬೀಗ್ರೇ... ನಾನು ಮೊದ್ಲು ನಿಮ್ಗೇ...” ಅಂತ ಬಾಯಿ ತಡವರಿಸ್ತು. ತನ್ನ ನೆನಪಿನ ಮೇಲೆ ತನಗೇ ಅನುಮಾನ ಬಂದೋರ ಥರ ಪರದೇನೇ ನೋಡ್ತಿದ್ರು.

“ನಡೀರಿ,” ಅಂದ್ರು ಪುಟ್ಟಮಾದಯ್ಯ. “ನಿಮ್ ಮಗಳ್ನ ನೀವೇ ಇಟ್ಕಳಿ.”

ಅಲ್ಲಿಗೆ ಒಂದು ಸಂಸಾರ ಮುಗಿದೋಯ್ತು ಅಂದ್ಕಂಡೆ. ಅದೂ ನನ್ನ ಮೇಜಿನ ಮೇಲೆ.

ಆಗ ಸೌಮ್ಯ ಮುಂದಕ್ಕೆ ಬಗ್ಗಿ, “ಅಣ್ಣ, ನೂರ ಇಪ್ಪತ್ತು ತೋರ್ಸು” ಅಂದ್ಲು. ತೋರ್ಸಿದೆ. “ಇದ್ರಲ್ಲಿ ನನ್ನ ಕತ್ತಲ್ಲಿ ತಾಳಿ ಅದೆ. ಈಗ ನೂರ ಇಪ್ಪತ್ತೈದು.” ತೋರ್ಸಿದೆ. “ಇದ್ರಲ್ಲಿ ಇಲ್ಲ. ಏನಣ್ಣ, ಇವ್ರು ಒಂದ್ಸಲ ಕಟ್ಟಿ, ಬಿಚ್ಚಿ, ಇನ್ನೊಂದ್ಸಲ ಕಟ್ಟಿದ್ರಾ?”

ಎಲ್ರೂ ಪರದೆ ಹತ್ರ ಬಗ್ಗಿದ್ರು. ಆಗ ಹೊಳೀತು ನಂಗೆ. ಮೂರ್ನೇ ಡಬ್ಬ!

ಹೈಕ್ಳಾ, ಇಲ್ಲಿ ಒಂದು ಮಾತು. ಇಂತಾ ಟೈಮಲ್ಲಿ ಕಂಪ್ಯೂಟರ್ ಕೆಟ್ಟೋಗದೆ, ನೆಟ್ಟಿಲ್ಲ, ವೈರಸ್ಸು, ಅಂತೆಲ್ಲ ಬಾಯಿಗೆ ಬತ್ತದೆ. ನಂಗೂ ಬಂದಿತ್ತು. ಹೇಳ್ಬೇಡಿ. ನಾನು ಎದ್ದು ನಿಂತು, “ತಪ್ಪು ನಂದು. ಇದು ಚಿಪ್ಪಲ್ಲಿ ಇದ್ದ ಸಾಲು. ಮದ್ವೇಲಿ ನಡೆದ ಸಾಲಲ್ಲ. ಜೋಡಿಸ್ದೇ ತೋರಿಸ್ಬುಟ್ಟೆ” ಅಂದೆ.

ಪುಟ್ಟಮಾದಯ್ಯ ನನ್ನ ಮೇಲಿಂದ ಕೆಳಗೆ ನೋಡಿದ್ರು. “ನಿನ್ಗೆ ಯಾರ್ಲಾ ಕೆಲ್ಸ ಕಲ್ಸಿದ್ದು?”

ಕಲ್ಸಿದೋರಿಗೇ ಫೋನ್ ಹಾಕ್ದೆ. ಪುಣಜನೂರಲ್ಲಿ ಸಿಗ್ನಲ್ ಅನ್ನೋದು ಬಂದ್ರೆ ಬಂತು. ಗುರುಸ್ವಾಮಣ್ಣ ತಂಗಿ ಮನೆ ನೀರಿನ ತೊಟ್ಟಿ ಮೇಲೆ ಹತ್ತಿ ನಿಂತ್ಕಂಡು ಕೂಗಾಡಿದ್ರು. ಮೊದ್ಲು ಐದು ನಿಮಿಷ ಬೈಗುಳ. ಅದೆಲ್ಲ ಚೆನ್ನಾಗಿ ಕೇಳಿಸ್ತು. ಆಮೇಲೆ ಕೆಲ್ಸ.

“ಪ್ರತಿ ಕೋಣೆ ಅಂಚಲ್ಲೂ ಚೂರು ಜಾಗ ಇರ್ತದೆ ಕಣ್ಲಾ. ಕಂಟ್ರೋಲರ್ರು ಅಲ್ಲಿ ಒಂದು ನಂಬರ್ ಬರ್ದಿರ್ತದೆ, ಇದು ಎಷ್ಟ್ನೇದು ಅಂತ. ಅದು ಯಾವ ಜಾಗ ಅಂತ ಹುಡುಕು. ಆ ನಂಬರ್ ಪ್ರಕಾರ ಸಾಲು ಮಾಡು. ಸಾಲು ಸರಿ ಆದ್ರೆ ಫೈಲಿನ ಹೆಸ್ರುಗಳು ತಾನಾಗೇ ಎದ್ ಬತ್ತವೆ. ಬರ್ಲಿಲ್ಲ ಅಂದ್ರೆ ಇನ್ನೂ ತಪ್ಪು ಅಂತ. ತಿಳೀತಾ?”

ತೊಟ್ಟಿ ಮೇಲಿಂದ ಇಳಿದ್ರೋ ಬಿದ್ರೋ, ಫೋನ್ ಕಟ್ಟಾಯ್ತು.

ಕೂತೆ. ಪರದೆ ತುಂಬ ಇರುವೆ ಸಾಲಿನ ಥರ ನಂಬರು. ಹಿಂದೆ ನಾಲ್ಕು ಜನ ಉಸಿರು ಬುಡ್ತಾವ್ರೆ. ಹತ್ತು ಜಾಗ ನೋಡ್ದೆ, ತಪ್ಪು. ಪುಟ್ಟಮಾದಯ್ಯ ಎದ್ದು ಹೋಗ್ತೀನಿ ಹೋಗ್ತೀನಿ ಅಂತ ನಾಲ್ಕು ಸಲ ಅಂದ್ರು, ಹೋಗ್ಲಿಲ್ಲ. ಸೌಮ್ಯ ಟೀ ತರ್ಸಿ ಅವರ ಕೈಗೇ ಮೊದಲ್ನೇ ಲೋಟ ಕೊಟ್ಲು. “ಇದನ್ನ ಎಲ್ರೂ ನೋಡ್ಕಳ್ರಪ್ಪ, ಮಾವಂಗೆ ಮೊದ್ಲು ಕೊಟ್ಟಿದ್ದೀನಿ” ಅಂದ್ಲು. ಅವರು ಮೀಸೆ ಒಳಗೆ ನಕ್ರು, ಆಮೇಲೆ ನಕ್ಕಿದ್ದು ನೆನಪಾಗಿ ಮುಖ ಗಂಟು ಹಾಕ್ಕಂಡ್ರು.

ಹನ್ನೊಂದ್ನೇ ಜಾಗ. ನಂಬರು ಸಿಕ್ತು! ಒಂದು, ಎರಡು, ಮೂರು, ಒಂದೂ ಬುಡ್ದೆ ಅವೆ. ಮೂರ್ನೇ ಡಬ್ಬ ಇಟ್ಟೆ, ಗೆರೆ ಎಳ್ದೆ, ಒತ್ತಿದೆ. ಪರದೆ ಮೇಲೆ ಫೈಲುಗಳು ಹೆಸ್ರು ಸಮೇತ ಪಟಪಟ ಅಂತ ಎದ್ವು, ಕ್ಯಾಮರಾ ಹಾಕಿದ್ದ ನಂಬರಲ್ಲೇ. ಪುರೋಹಿತ್ರಿಗೆ ಅವರ ಪಂಚೆ ವಾಪಸ್ ಬಂತು. ಅಡುಗೆಯವನಿಗೆ ಅವನ ತಲೆ ಬಂತು. ಸೌಮ್ಯಂಗೆ ತಾಳಿ ಒಂದೇ ಸಲ ಬಿತ್ತು. ಹನ್ನೆರಡು ವರ್ಷದಲ್ಲಿ ಅಂತಾ ಖುಷಿ ನಂಗೆ ಇನ್ನೊಂದ್ಸಲ ಆಗಿಲ್ಲ. ಎದ್ದು ಕುಣೀಬೇಕು ಅನ್ನಿಸ್ತು. ಆದ್ರೆ ಎಲ್ರ ಕಣ್ಣೂ ವೀಳ್ಯದ ಮೇಲೆ.

ನಿಧಾನಕ್ಕೆ ಸರ್ಸಿದೆ. ನಂಜಪ್ಪ ತಟ್ಟೆ ಎತ್ಕಂಡ್ರು. ಐದು ವೀಳ್ಯ, ತುಂಬಿದ ತಟ್ಟೆ. ಮುಂದಿಂದು. ನಂಜಪ್ಪ ಮೊದಲ್ನೇ ವೀಳ್ಯ ಚಾಚವ್ರೆ. ಫೋಟೋದ ಕೆಳಗಿಂದ ಒಂದು ಕೈ ಬಂದು ಅದನ್ನ ತಗೋತಾ ಅದೆ. ಬರೀ ಕೈ. ಮುಖ ಇಲ್ಲ. ಮಣಿಕಟ್ಟಿಗೆ ಕ್ಯಾಮರಾ ಪಟ್ಟಿ ಸುತ್ಕಂಡಿರೋ ಕೈ.

ಎಲ್ರೂ ಒಟ್ಟಿಗೆ ಬಾಗ್ಲ ಕಡೆ ತಿರುಗಿದ್ರು.

ಕುಮಾರ ಕೈ ಬೆನ್ನಿಂದೆ ಬಚ್ಚಿಟ್ಕಂಡ.

“ಬೆಳಕು ನೋಡಕ್ಕೆ ಒಂದ್ಸಲ ಇತ್ಲಾಗೆ ಇಡ್ಕಳಿ ಅಂದೆ ಅಷ್ಟೇ,” ಅಂದ. “ಗಾಬ್ರೀಲಿ ಅವ್ರು ಕೊಟ್ಟೇ ಬುಟ್ರು.”

“ಎಲೆ ಎಲ್ಲೋಯ್ತು?” ಅಂದ್ರು ನಂಜಪ್ಪ.

“ತಿಂದ್ಬುಟ್ಟೆ.”

“ತಿಂದ್ಬುಟ್ಟಾ!”

“ಬೆಳಿಗ್ಗೆಯಿಂದ ತಿಂಡಿ ತಿಂದಿರ್ಲಿಲ್ಲ ಕಣಣ್ಣ!”

ಮುಂದಿನ್ ಫೋಟೋ, ಪುಟ್ಟಮಾದಯ್ಯ ತಗೋತಾವ್ರೆ. ತಟ್ಟೇಲಿ ಒಂದು ಕಮ್ಮಿ. ನಿಂಗಣ್ಣ ಬರೋದು ಅದಾದ್ಮೇಲೆ.

“ನಾನು ಏಳ್ಲಿಲ್ವಾ!” ಪುಟ್ಟಮಾದಯ್ಯ ತೊಡೆ ತಟ್ಟಿದ್ರು. “ಒಂದು ಕಮ್ಮಿ ಇತ್ತು ಅಂತ! ನನ್ನ ಕಣ್ಣು ಸುಳ್ಳೇಳ್ತದಾ?”

“ನಾನೂ ಏಳ್ಲಿಲ್ವಾ!” ನಂಜಪ್ಪ ಅವ್ರಿಗಿಂತ ಜೋರಾಗಿ ತಟ್ಟಿದ್ರು. “ನಿಂಗಣ್ಣಂಗೆ ಮೊದ್ಲು ಕೊಡ್ಲಿಲ್ಲ ಅಂತ!”

ಇಬ್ರೂ ಗೆದ್ದಿದ್ರು. ಒಂದೂವರೆ ತಿಂಗ್ಳಿಂದ ಇಬ್ರೂ ಸತ್ಯಾನೇ ಹೇಳ್ತಾ ಇದ್ರು! ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕೊಂಡು ಒಬ್ರ ಬೆನ್ನು ಒಬ್ರು ಗುದ್ಕಂಡು, ಇಬ್ರೂ ಸೇರಿ ಕುಮಾರನ್ನ ಹಿಡ್ಕಂಡ್ರು. ಎದುರಂಗ್ಡಿಯಿಂದ ಎಲೆ ಅಡಿಕೆ ಅವನ ಕೈಲೇ ತರಿಸಿದ್ರು. ನನ್ನ ಸಾಲ್ಡ್ರಿಂಗ್ ಸಾಮಾನೆಲ್ಲ ಪಕ್ಕಕ್ಕೆ ತಳ್ಳಿ, ಮೇಜಿನ ಮೇಲೆ ತಟ್ಟೆ ಇಟ್ಟು, ನಂಜಪ್ಪ ಕೈ ಮುಗಿದು ಮೊದಲ್ನೇ ವೀಳ್ಯ ಪುಟ್ಟಮಾದಯ್ಯಂಗೆ ಕೊಟ್ರು. ಫೋಟೋ ನಾನು ತೆಗೆದೆ. ಕುಮಾರಂಗೆ ಕೈ ಕಟ್ಕಂಡು ಗೋಡೆ ಕಡೆ ನಿಂತ್ಕೋ ಅಂದಿದ್ರು. ಆಮೇಲೆ ಯಾವ ವಾರ ಒಳ್ಳೇದು, ಕರ್ಕಂಡೋಗಕ್ಕೆ ಎಷ್ಟು ಜನ ಬರ್ಬೇಕು, ಯಾರ್ ಯಾರು ಬರ್ಬೇಕು ಅಂತ ಶುರು ಮಾಡಿದ್ರು. ಅರ್ಧ ಗಂಟೆ ಆಯ್ತು. ಮಂಗಳವಾರ ಬ್ಯಾಡ ಅಂತ ಇವ್ರು, ಶನಿವಾರ ಬ್ಯಾಡ ಅಂತ ಅವ್ರು.

“ನೀನೇ ಏಳಮ್ಮ, ಸೋಮವಾರ ಆಗ್ಬೋದಾ?” ಅಂತ ಪುಟ್ಟಮಾದಯ್ಯ ತಿರುಗಿದ್ರು.

ಸ್ಟೂಲು ಖಾಲಿ. ಬ್ಯಾಗೂ ಇಲ್ಲ. ಎದುರಿನ ಟೀ ಅಂಗ್ಡೀಲಿ ಮಾದೇಶನೂ ಇಲ್ಲ, ಬೈಕೂ ಇಲ್ಲ.

ನನ್ನ ಫೋನು ಹೊಡ್ಕತು.

“ಅಣ್ಣ, ಅವ್ರು ಇನ್ನೂ ಅಲ್ಲೇ ಅವ್ರಾ?” ಸೌಮ್ಯ. ಹಿಂದೆ ಕುಕ್ಕರ್ ಕೂಗ್ತಾ ಇತ್ತು. “ಮಾತಾಡ್ಕಳ್ಲಿ ಬುಡು. ಮುಗಿದ್ಮೇಲೆ ಅಪ್ಪನ್ನೂ ಮಾವನ್ನೂ ಹರದನಹಳ್ಳಿಗೆ ಕಳ್ಸು. ಅನ್ನಕ್ಕೆ ಇಟ್ಟಿದ್ದೀನಿ.”